ಅರ್ಧ ಅಣೆಕಟ್ಟು

ಆ ವರ್ಷ ಮಳೆ ಸೆಪ್ಟೆಂಬರಿನಲ್ಲೇ ಕೈಕೊಟ್ಟಿತು. ನವೆಂಬರ್ ಬರುವಷ್ಟರಲ್ಲಿ, ಸಮುದ್ರದಿಂದ ಹತ್ತಿ ಬರುವ ಉಪ್ಪುನೀರನ್ನು ಹಿಂದಕ್ಕೆ ತಳ್ಳುವ ತ್ರಾಣ ನಮ್ಮ ಹೊಳೆಗೆ ಉಳಿದಿರಲಿಲ್ಲ. ಹೊಳೆಬದಿಯ ಬಾವಿಗಳ ಸಾಲಿನಲ್ಲಿ ಮೊದಲನೆಯದು ನಮ್ಮದು. ಉಪ್ಪು ಬರುವುದಾದರೆ ಮೊದಲು ನಮ್ಮ ಮನೆಗೇ ಬರಬೇಕು, ಆಮೇಲೆ ಉಳಿದವರ ಮನೆಗೆ.

ಹಾಗಾಗಿ ನಾನು ಬೆಳಿಗ್ಗೆ ಎದ್ದವಳೇ ಹಲ್ಲು ಕೂಡ ಉಜ್ಜದೆ ಬಾವಿಕಟ್ಟೆಗೆ ಓಡುತ್ತಿದ್ದೆ. ಒಂದು ಕೊಡಪಾನ ನೀರು ಸೇದಿ, ಬೊಗಸೆಯಲ್ಲಿ ಹಿಡಿದು, ಬಾಯಿಗೆ ಹಾಕಿ ನಾಲಗೆಯ ಮೇಲೆ ಹೊರಳಿಸುತ್ತಿದ್ದೆ. ಸಿಹಿಯೇ ಇತ್ತು. ಆದರೂ ಸಮಾಧಾನವಿಲ್ಲ. ಶಾಲೆಯಿಂದ ಬಂದು ಮತ್ತೊಮ್ಮೆ, ಸಂಜೆ ಪ್ರಾರ್ಥನೆ ಮುಗಿದ ಮೇಲೆ ಇನ್ನೊಮ್ಮೆ. "ನಿನ್ನ ನಾಲಗೆಯೇ ಉಪ್ಪಾಗಿ ಹೋಗಿದೆ, ಇನ್ನು ಬಾವಿಯದ್ದು ಹೇಗೆ ಗೊತ್ತಾಗ್ತದೆ?" ಎಂದು ಡ್ಯಾಡಿ ನಗುತ್ತಿದ್ದರು. ಡ್ಯಾಡಿ ಸಂತೆಕಟ್ಟೆಯಿಂದ ಮಣಿಪಾಲಕ್ಕೆ ಹೋಗುವ ಬಸ್ಸಿನ ಡ್ರೈವರ್. ಹೈವೇಯಲ್ಲಿ ಕಾದು ಕಾದು ಅವರಿಗೆ ಕಾಯುವುದು ಅಭ್ಯಾಸವಾಗಿದೆ. ನಾನು ಏಳು ತಿಂಗಳಿಗೇ ಹುಟ್ಟಿದವಳು. ಹೆಸರು ಆಶ್ಲಿ, ಒಂಬತ್ತನೇ ಕ್ಲಾಸು.

ಉಪ್ಪುನೀರನ್ನು ತಡೆಯಲಿಕ್ಕೆ ನಮ್ಮ ಹೊಳೆಗೆ ಒಂದು ಕಿಂಡಿ ಅಣೆಕಟ್ಟು ಉಂಟು. ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ಹೊಳೆಗೆ ಅಡ್ಡವಾಗಿ ಕಾಂಕ್ರೀಟ್ ಕಂಬಗಳ ಸಾಲು. ಕಂಬ ಕಂಬದ ನಡುವಿನ ಖಾಲಿ ಜಾಗವೇ ಕಿಂಡಿ. ಮಳೆಗಾಲದಲ್ಲಿ ಅದು ಖಾಲಿಯೇ ಇರಬೇಕು, ಇಲ್ಲದಿದ್ದರೆ ನೆರೆ ಬಂದು ಊರು ಮುಳುಗುತ್ತದೆ. ಮಳೆ ನಿಂತ ಮೇಲೆ ಕಂಬಗಳ ಸಂದಿನಲ್ಲಿ ಮರದ ಹಲಗೆಗಳನ್ನು ಎರಡು ಸಾಲಾಗಿ ಒಂದರ ಮೇಲೊಂದು ಇಳಿಸುತ್ತಾರೆ. ಆಗ ಮೇಲೆ ಸಿಹಿನೀರು ನಿಲ್ಲುತ್ತದೆ, ಉಪ್ಪುನೀರು ಕೆಳಗೇ ಉಳಿಯುತ್ತದೆ. ಇಷ್ಟೇ ಕೆಲಸ. ಒಂದು ಮಧ್ಯಾಹ್ನ ಸಾಕು.

ಆದರೆ ಹೊಳೆಯ ನಡುನೀರಿನಲ್ಲಿ ನಮ್ಮ ತೆಂಕಬೈಲು ಗ್ರಾಮ ಪಂಚಾಯತಿ ಮುಗಿದು ಬಡಗಬೈಲು ಗ್ರಾಮ ಪಂಚಾಯತಿ ಶುರುವಾಗುತ್ತದೆ. ಅಣೆಕಟ್ಟು ಕಟ್ಟಿದ್ದು ಸರಕಾರದ ನೀರಾವರಿ ಇಲಾಖೆ. ಹಲಗೆ ಹಾಕಿ ತೆಗೆಯುವುದನ್ನು ಎರಡು ಪಂಚಾಯತಿಗಳಿಗೆ ಪಾಲು ಮಾಡಿ ಕೊಟ್ಟಿದ್ದಾರೆ. ತೆಂಕು ಬದಿಯ ಕಿಂಡಿಗಳು ನಮ್ಮವು, ಬಡಗು ಬದಿಯವು ಅವರವು. ನಮ್ಮ ಹಲಗೆ ನಮ್ಮ ಶೆಡ್ಡಿನಲ್ಲಿ, ಅವರದ್ದು ಅವರ ಶೆಡ್ಡಿನಲ್ಲಿ. ಅಣ್ಣ ತಮ್ಮ ಪಾಲಾದ ಮನೆಯ ಹಾಗೆ. ಪ್ರತಿವರ್ಷ ಕ್ರಿಸ್ಮಸ್ಸಿನ ಹೊತ್ತಿಗೆ ಎರಡೂ ಕಡೆಯವರು ಹಾಕುತ್ತಿದ್ದರು, ಅಷ್ಟರವರೆಗೆ ಹೊಳೆಯ ನೀರೇ ಉಪ್ಪನ್ನು ತಡೆಯುತ್ತಿತ್ತು. ಈ ವರ್ಷ ತಡೆಯುವುದಿಲ್ಲವೆಂದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು.

ನಮ್ಮ ಮನೆಯಲ್ಲೇ ಒಬ್ಬ ಪಂಚಾಯತಿ ಮೆಂಬರ್ ಇದ್ದಳು: ನನ್ನ ಮಮ್ಮಿ, ವೆರೊನಿಕಾ.

"ಮಮ್ಮಿ, ಇವತ್ತು ಮೀಟಿಂಗ್ ಉಂಟಲ್ವಾ? ಹಲಗೆ ಈಗಲೇ ಹಾಕ್ಬೇಕು ಅಂತ ಹೇಳು" ಎಂದೆ. ಅವಳು ಅಡುಗೆಮನೆಯ ಹಿಂದೆ ಕೂತು ಬಂಗುಡೆ ಶುಚಿ ಮಾಡುತ್ತಿದ್ದಳು.

"ಅದು ನಾನು ಹೇಳ್ಲಿಕ್ಕೆ ಆಗುದಿಲ್ಲ."

"ಎಂತಕ್ಕೆ? ನೀನು ಮೆಂಬರ್ ಅಲ್ವಾ?"

"ಮೆಂಬರ್ ಆದ ಕಾರಣವೇ. ಮೊದಲ ಬಾವಿ ನಮ್ಮದು. ನಾನು ಕೈ ಎತ್ತಿದ್ರೆ ಜನ ಎಂತ ಹೇಳುದು ಗೊತ್ತುಂಟಾ?"

ಗೊತ್ತಿತ್ತು. ಮಮ್ಮಿಗಿಂತ ಮೊದಲು ನಮ್ಮ ವಾರ್ಡಿಗೆ ಮೆಂಬರ್ ಆಗಿದ್ದವರು ಒಂದು ಕಾಂಕ್ರೀಟ್ ರಸ್ತೆ ಮಾಡಿಸಿದರು. ಮುಖ್ಯ ರಸ್ತೆಯಿಂದ ಶುರುವಾದ ಅದು ಸೀದಾ ಅವರ ಗೇಟಿನ ಎದುರು ನಿಂತಿತು, ಮುಂದೆ ಒಂದು ಗೇಣು ಹೋಗಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಜನ ಆ ಸಿಟ್ಟಿನಲ್ಲಿ ಮಮ್ಮಿಯನ್ನು ನಿಲ್ಲಿಸಿ ಗೆಲ್ಲಿಸಿದರು. ಆಗ ಅವಳು ಮನೆಮನೆಗೆ ಹೋಗಿ, "ನನ್ನ ಮನೆಗೆ ಲಾಭ ಆಗುವ ವಿಷಯಕ್ಕೆ ನಾನು ಕೈ ಎತ್ತುದಿಲ್ಲ" ಎಂದು ಮಾತು ಕೊಟ್ಟಿದ್ದಳು. ಸ್ವಂತ ಲಾಭದ ವಿಷಯಕ್ಕೆ ಮೆಂಬರ್ ಓಟು ಹಾಕಬಾರದೆಂದು ಕಾನೂನು ಕೂಡ ಹೇಳುತ್ತದಂತೆ. ಆದರೆ ಊರಿಗೆಲ್ಲ ಸೇರಿದ ವಿಷಯವಾದರೆ ಅಡ್ಡಿ ಇಲ್ಲ. ಹೊಳೆ ಊರಿಗೆಲ್ಲ ಸೇರಿದ್ದಲ್ಲವಾ ಎಂದು ನಾನು ವಾದ ಮಾಡಿದೆ. ಮಮ್ಮಿ ಕಾನೂನಿಗಿಂತ ಒಂದು ಗೇಣು ಉದ್ದವಾಗಿ ಗೆರೆ ಎಳೆದುಕೊಂಡು ಅದರೊಳಗೆ ಕೂತಿದ್ದಳು.

"ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಹೇಳಿ ನಾನು ಬಾಗಿಲು ಬಡಿದು ಹೋದೆ. ಮಮ್ಮಿ ಬಂಗುಡೆಯ ಕಿವಿರು ಕೀಳುವುದನ್ನು ನಿಲ್ಲಿಸಲಿಲ್ಲ.

ಅವಳು ಹೇಳದಿದ್ದರೆ ನಾನೇ ಹೇಳಬೇಕು. ನನಗೆ ಓಟಿಲ್ಲ, ಆದರೆ ದಾರಿ ಇತ್ತು.

ಪಂಚಾಯತಿಯಲ್ಲಿ ಸಭೆಗಳಿಗೆ ಬರಗಾಲವಿಲ್ಲ. ಮೊದಲನೆಯದು ವಾರ್ಡ್ ಸಭೆ, ನಮ್ಮ ಓಣಿಯವರೆಲ್ಲ ಕೂತು ನಮ್ಮ ಕಷ್ಟ ಹೇಳಲಿಕ್ಕೆ. ಆಮೇಲೆ ಗ್ರಾಮಸಭೆ, ಅದರಲ್ಲಿ ಇಡೀ ಊರಿನ ಮತದಾರರು ಕೂರಬೇಕು. ಆದರೆ ಹೆಚ್ಚಿನವರು ಸಹಿ ಹಾಕಿ, ಚಾ ಕುಡಿದು, ದಾರಿದೀಪಕ್ಕೆ ಎರಡು ಬೈದು ಮನೆಗೆ ಹೋಗುತ್ತಾರೆ. ಮತ್ತೊಂದು ಗೆದ್ದ ಮೆಂಬರುಗಳು ಮಾತ್ರ ಕೂತು ನಿರ್ಣಯ ಮಾಡುವ ಸಾಮಾನ್ಯ ಸಭೆ. ಇವೆಲ್ಲದರ ಜೊತೆಗೆ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ. ಅಲ್ಲಿ ಮಕ್ಕಳು ಕೇಳಬೇಕು, ದೊಡ್ಡವರು ಉತ್ತರ ಕೊಡಬೇಕು. ಹೆಚ್ಚಾಗಿ ಟೀಚರ್ ಬರೆದುಕೊಟ್ಟದ್ದನ್ನು ಮಕ್ಕಳು ಓದುತ್ತಾರೆ, ಅಧ್ಯಕ್ಷರು ತಲೆ ಆಡಿಸುತ್ತಾರೆ, ಕೊನೆಗೆ ಬಿಸ್ಕತ್ತು.

ಆ ಸಲ ನನ್ನ ಕೈಗೂ ಒಂದು ಚೀಟಿ ಕೊಟ್ಟಿದ್ದರು, ಶಾಲೆಯ ಮೈದಾನಕ್ಕೆ ಬೇಲಿ ಬೇಕೆಂದು. ನಾನು ಅದನ್ನು ಮಡಚಿ ಮುಷ್ಟಿಯಲ್ಲಿಟ್ಟುಕೊಂಡೆ.

"ಅಣೆಕಟ್ಟಿಗೆ ಹಲಗೆ ಯಾವಾಗ ಹಾಕುತ್ತೀರಿ?" ಎಂದು ಮೈಕಿನಲ್ಲಿ ಕೇಳಿದೆ. "ಹಾಕದಿದ್ದರೆ ನಮ್ಮ ಬಾವಿಗಳಿಗೆ ಉಪ್ಪು ಬರುತ್ತದೆ. ಬಂದ ಮೇಲೆ ಮುಂದಿನ ಮಳೆಗಾಲದವರೆಗೆ ಹೋಗುವುದಿಲ್ಲ. ಆಮೇಲೆ ನೀವು ಟ್ಯಾಂಕರ್ ಕಳುಹಿಸುತ್ತೀರಿ. ಹಲಗೆ ಹಾಕುವುದು ಅದಕ್ಕಿಂತ ಸುಲಭ ಅಲ್ವಾ?"

ಹಿಂದಿನ ಸಾಲಿನಲ್ಲಿ ಕೂತಿದ್ದ ಮಮ್ಮಿ ತಲೆ ತಗ್ಗಿಸಿದಳು. ಯಾರೋ "ತಾಯಿ ಕಲಿಸಿ ಕಳಿಸಿದ್ದು" ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು, ಅವಳಿಗೂ ಕೇಳಿಸಿರಬೇಕು.

ಅಧ್ಯಕ್ಷರು ದೂಮಪ್ಪಣ್ಣ. ಒಳ್ಳೆಯ ಮನುಷ್ಯ, ಆದರೆ ಯಾರಿಗೂ ಇಲ್ಲ ಎನ್ನಲು ಬಾರದವರು. ಅವರು ಪಕ್ಕದಲ್ಲಿದ್ದ ಹರ್ಷಿಣಿ ಮೇಡಂ ಕಡೆ ತಿರುಗಿದರು. ಮೇಡಂ ನಮ್ಮ ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ. ಅಧ್ಯಕ್ಷರನ್ನು ಜನ ಆರಿಸುತ್ತಾರೆ, ಪಿಡಿಒವನ್ನು ಸರಕಾರ ನೇಮಿಸುತ್ತದೆ. ಒಬ್ಬರು ಏನು ಮಾಡಬೇಕೆಂದು ಹೇಳುವುದು, ಇನ್ನೊಬ್ಬರು ಅದನ್ನು ಕಾನೂನಿನ ಪ್ರಕಾರ ಮಾಡಿಸುವುದು.

"ಬಡಗಬೈಲಿನವರು ಈಗ ಹಾಕುದಿಲ್ಲ ಅಂತಾರೆ ಸರ್" ಎಂದರು ಮೇಡಂ. "ಅವರಲ್ಲಿ ಮರುವಾಯಿ ಚಿಪ್ಪು ತೆಗೆಯುವವರು ಇದ್ದಾರೆ. ಹಲಗೆ ಹಾಕಿದ್ರೆ ಅವರ ಮರಳಿನ ದಿಣ್ಣೆ ಮುಳುಗ್ತದೆ. ತಾಲೂಕು ಪಂಚಾಯತಿಗೆ ಬರೆದು ಒಂದು ಜಂಟಿ ಸಭೆ ಮಾಡುವ."

"ಬರೆದು, ಅವರು ಓದಿ, ಸಭೆ ಕರೆಯುವಾಗ ಈಸ್ಟರ್ ಬರ್ತದೆ ಮೇಡಂ" ಎಂದರು ದೂಮಪ್ಪಣ್ಣ. ಜನ ನಕ್ಕರು. ನಗು ಕೇಳಿ ಅವರಿಗೆ ಹುರುಪು ಬಂತು. "ನಮ್ಮ ಅರ್ಧ ನಮ್ಮದಲ್ವಾ? ಅದಕ್ಕೆ ಯಾರ ಅಪ್ಪಣೆ ಬೇಕು? ನಮ್ಮ ಕಿಂಡಿಗಳಿಗೆ ನಾವು ಹಲಗೆ ಹಾಕುವ. ಅರ್ಧ ಕಿಂಡಿ ಮುಚ್ಚಿದ್ರೆ ಅರ್ಧ ಉಪ್ಪಾದ್ರೂ ನಿಲ್ತದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ನಾನು. ಮಮ್ಮಿ ತಟ್ಟಲಿಲ್ಲ.

ಮೆಂಬರುಗಳ ಸಭೆಯಲ್ಲಿ ನಿರ್ಣಯ ಆಯಿತು. ಮಮ್ಮಿ ಪರವಾಗಿಯೂ ಕೈ ಎತ್ತಲಿಲ್ಲ, ವಿರೋಧವಾಗಿಯೂ ಎತ್ತಲಿಲ್ಲ. ಮರುದಿನವೇ ಇಳಿತದ ಹೊತ್ತಿಗೆ ಊರಿನ ಗಂಡಸರು ಸೊಂಟಮಟ್ಟ ನೀರಿಗಿಳಿದು ಹಲಗೆ ಇಳಿಸಿ, ಎರಡು ಸಾಲಿನ ನಡುವೆ ಮಣ್ಣು ತುಂಬಿಸಿದರು. ದೂಮಪ್ಪಣ್ಣ ಪಂಚೆ ಎತ್ತಿ ಕಟ್ಟಿ ಅಣೆಕಟ್ಟಿನ ಮೇಲೆ ನಿಂತ ಫೋಟೋ ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಬಂತು. ನಾನು ಆ ಫೋಟೋವನ್ನು ಇಡೀ ಕ್ಲಾಸಿಗೆ ತೋರಿಸಿದೆ.

ಮರುದಿನ ಬಾವಿ ಸಿಹಿ. ಅದರ ಮರುದಿನವೂ ಸಿಹಿ. ಆದರೆ ಹೊಳೆಯ ಸದ್ದು ಬದಲಾಗಿತ್ತು. ಮೊದಲು ಕಿಂಡಿಗಳಲ್ಲಿ ನೀರು ಗೊಣಗುತ್ತಾ ಹೋಗುತ್ತಿತ್ತು. ಈಗ ಸಮುದ್ರ ಉಕ್ಕುವ ಭರತಕ್ಕೊಮ್ಮೆ, ನೀರು ಹಿಂದೆ ಸರಿಯುವ ಇಳಿತಕ್ಕೊಮ್ಮೆ ಬಡಗು ಬದಿಯಿಂದ ಬೋರ್ಗರೆತ ಕೇಳುತ್ತಿತ್ತು. ಓದಲು ಕೂತರೆ ಅದೇ ಸದ್ದು, ಮಲಗಿದರೂ ಅದೇ. ಇಡೀ ಹೊಳೆ ಅರ್ಧ ಬಾಗಿಲಿನಲ್ಲಿ ನುಗ್ಗುತ್ತಿತ್ತು. ಬಾವಿಯ ಕಡೆ ಓಡುವುದನ್ನು ನಾನು ನಿಲ್ಲಿಸಲಿಲ್ಲ.

ಭಾನುವಾರ ಇಗರ್ಜಿಯಿಂದ ಬಂದಾಗ ನಮ್ಮ ಮೆಟ್ಟಿಲ ಮೇಲೆ ಅಕ್ಕು ಅಕ್ಕ ಕೂತಿದ್ದರು. ಹೆಸರೇ ಅಕ್ಕು, ಅದರ ಮೇಲೆ ಇನ್ನೊಂದು ಅಕ್ಕ ಸೇರಿಸಿ ಕರೆಯುವಾಗ ನನಗೆ ಯಾವಾಗಲೂ ನಗು ಬರುತ್ತಿತ್ತು. ಹೊಳೆಯಾಚೆ ಬಡಗಬೈಲಿನವರು. ಇಳಿತದಲ್ಲಿ ಮರಳಿನ ದಿಣ್ಣೆ ಮೇಲೆ ಬಂದಾಗ ಕೂತು ಮರುವಾಯಿ ಹೆಕ್ಕಿ, ದೋಣಿಯಲ್ಲಿ ದಾಟಿ ಬಂದು ನಮ್ಮ ಓಣಿಯಲ್ಲಿ ಮಾರುತ್ತಿದ್ದರು. ಚಿಪ್ಪಿನೊಳಗಿನ ಆ ಮಾಂಸಕ್ಕೆ ತೆಂಗಿನಕಾಯಿ ಹಾಕಿ ಮಮ್ಮಿ ಸುಕ್ಕ ಮಾಡಿದರೆ ಡ್ಯಾಡಿ ಅವತ್ತು ಎರಡು ಸಲ ಊಟ ಮಾಡುತ್ತಾರೆ. ಆ ದಿನ ಅವರ ಬುಟ್ಟಿ ಖಾಲಿ ಇತ್ತು.

"ಇವತ್ತು ಮರುವಾಯಿ ಇಲ್ಲ ಬಾಯಿ" ಎಂದರು ಮಮ್ಮಿಗೆ; ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎಂದೇ ಕರೆಯುವುದು. "ಕಾದು ಕೂರ್ಬೇಡಿ ಅಂತ ಹೇಳಿ ಹೋಗುವ ಅಂತ ಬಂದೆ. ಇನ್ನು ಈ ವರ್ಷ ಇಲ್ಲ."

"ಎಂತ ಆಯ್ತು?"

"ದಿಣ್ಣೆಯೇ ಇಲ್ಲ."

ಅವರದೇ ದೋಣಿಯಲ್ಲಿ ನಾವಿಬ್ಬರೂ ಹೋಗಿ ನೋಡಿದೆವು. ಅಕ್ಕು ಅಕ್ಕನ ಮನೆ ಬಡಗು ದಡದಲ್ಲಿ, ಅಣೆಕಟ್ಟಿನಿಂದ ಕೂಗಳತೆಯ ದೂರ, ಹೊಳೆಯ ಮೇಲ್ಗಡೆ. ಮನೆಯ ಎದುರು ಇಳಿತದಲ್ಲಿ ಮೇಲೆ ಬರುತ್ತಿದ್ದ ದಿಣ್ಣೆಯ ಜಾಗದಲ್ಲಿ ಈಗ ಕಪ್ಪು ನೀರು ಸುಳಿ ಸುತ್ತುತ್ತಾ ಓಡುತ್ತಿತ್ತು. ಹುಟ್ಟು ಹಾಕಿದರೆ ನೆಲ ಸಿಗುತ್ತಿರಲಿಲ್ಲ. ನೀರು ಅಲ್ಲಿಗೂ ನಿಂತಿರಲಿಲ್ಲ, ಅಂಗಳದ ಅಂಚನ್ನು ಕಚ್ಚಿ ಕಚ್ಚಿ ತಿಂದಿತ್ತು. ಒಂದು ತೆಂಗಿನಮರ ಬೇರುಗಳನ್ನೆಲ್ಲ ಹೊರಗೆ ಹಾಕಿಕೊಂಡು ಹೊಳೆಯ ಕಡೆ ವಾಲಿತ್ತು. ನಮ್ಮ ಅರ್ಧ ನಾವು ಮುಚ್ಚಿದ್ದಕ್ಕೆ ಉಳಿದ ಅರ್ಧಕ್ಕೆ ಇಡೀ ಹೊಳೆಯ ಬಲ ಬಂದಿತ್ತು. ಅರ್ಧ ಉಪ್ಪು ನಿಲ್ಲುತ್ತದೆಂದು ಲೆಕ್ಕ ಹಾಕಿದ ನಮ್ಮಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ.

ನನಗೆ ಪಾಪ ಅನಿಸಿತು. ಆದರೆ ಸಿಟ್ಟೂ ಇಳಿಯಲಿಲ್ಲ. "ನೀವು ಕೂಡ ಹಲಗೆ ಹಾಕಿದ್ರೆ ಹೀಗೆ ಆಗ್ತಿತ್ತಾ?" ಎಂದು ಕೇಳಿಯೇಬಿಟ್ಟೆ.

"ಹಾಕಿದ್ರೆ ದಿಣ್ಣೆ ನೀರಿನಡಿ ಹೋಗ್ತದೆ ಮಗಾ. ನಮಗೆ ಮರುವಾಯಿ ಸಿಗುದೇ ಕ್ರಿಸ್ಮಸ್ಸಿನವರೆಗೆ" ಎಂದರು ಅಕ್ಕು ಅಕ್ಕ. ಮತ್ತೆ ಮಮ್ಮಿಯ ಕಡೆ ತಿರುಗಿದರು. "ನಿಮ್ಮ ಪಂಚಾಯತಿಗೆ ಬಂದು ಹೇಳುವ ಅಂತ ಇತ್ತು. ಆದ್ರೆ ನನ್ನ ಓಟು ಅಲ್ಲಿ ಇಲ್ಲ. ನಮ್ಮ ಪಂಚಾಯತಿಯಲ್ಲಿ ಹೇಳಿದ್ರೆ, ಹಲಗೆ ಹಾಕಿದ್ದು ನಾವಲ್ಲ ಅಂತಾರೆ. ನಾನು ಯಾರತ್ರ ಹೇಳುದು ಬಾಯಿ?"

ಹಿಂದೆ ಬರುವಾಗ ಮಮ್ಮಿ ದೋಣಿಯ ಅಂಚು ಹಿಡಿದು, ವಾಲಿದ ಆ ತೆಂಗಿನಮರವನ್ನೇ ನೋಡುತ್ತಾ ಕೂತಿದ್ದಳು. ಮನೆಗೆ ಬಂದವಳೇ ಹರ್ಷಿಣಿ ಮೇಡಂಗೆ ಫೋನ್ ಮಾಡಿ, ತುರ್ತು ಸಭೆ ಕರೆಯಲು ಎಷ್ಟು ಮೆಂಬರುಗಳು ಬರೆದು ಕೊಡಬೇಕೆಂದು ಕೇಳಿದಳು. ಅವಳು ತಾನಾಗಿ ಒಂದು ಸಭೆ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಭೆಯ ದಿನ ನಾನು ಶಾಲೆ ಬಿಟ್ಟವಳು ಸೀದಾ ಪಂಚಾಯತಿಗೆ ಹೋದೆ. ಮೆಂಬರುಗಳ ಸಭೆಯನ್ನು ಊರಿನವರು ಕೂತು ನೋಡಬಹುದು, ಮಾತಾಡಬಾರದು ಅಷ್ಟೇ. ಬಾಯಿ ಮುಚ್ಚಿ ಕೂರುವುದು ನನಗೆ ಎಷ್ಟು ಕಷ್ಟ ಎಂದು ನಿಮಗೆ ಈಗ ಗೊತ್ತಾಗಿರಬೇಕು. ಬೆಂಚಿನ ಮೇಲೆ ಕೂತು ಕಾಲು ಆಡಿಸಿ ಆಡಿಸಿ ಪಕ್ಕದವರಿಂದ ಬೈಸಿಕೊಂಡೆ.

ಹರ್ಷಿಣಿ ಮೇಡಂ ವಿಷಯ ಹೇಳಿದರು. "ಕಿಂಡಿಗಳನ್ನು ಪಾಲು ಮಾಡಿದ್ದು ಕೆಲಸಕ್ಕೆ. ನೀರನ್ನು ಪಾಲು ಮಾಡ್ಲಿಕ್ಕೆ ಆಗುದಿಲ್ಲ. ಎರಡು ಪಂಚಾಯತಿಗೆ ಸೇರಿದ ವಿಷಯ ಆದ್ರೆ ಮೇಲಿನ ತಾಲೂಕು ಪಂಚಾಯತಿಯವರು ಇಬ್ಬರನ್ನೂ ಕೂರಿಸ್ಬೇಕು. ನಾನು ಬರೆದಿದ್ದೇನೆ, ಜಂಟಿ ಸಭೆಗೆ ದಿನ ಕೊಡ್ತಾರೆ. ಅಲ್ಲಿವರೆಗೆ ಎಂತ ಮಾಡುದು ಅಂತ ನೀವು ನಿರ್ಣಯ ಮಾಡಿ."

"ಅಲ್ಲಿವರೆಗೆ ಹಲಗೆ ಇರಲಿ" ಎಂದರು ದೂಮಪ್ಪಣ್ಣ. "ಪಾಪ, ಅಕ್ಕುವಿಗೆ ನಷ್ಟ ಆದದ್ದು ಹೌದು. ಆದ್ರೆ ಅವರು ನಮ್ಮ ಪಂಚಾಯತಿಯವರಲ್ಲ ಮಾರಾಯ್ರೆ. ನಮಗೆ ಓಟು ಹಾಕಿದವರ ಬಾವಿ ನಾವು ನೋಡ್ಬೇಕಲ್ವಾ?"

ಅದೇ ಸರಿ ಎಂದು ನನಗೂ ಅನಿಸಿತು. ಆಗ ಮಮ್ಮಿ ಎದ್ದು ನಿಂತಳು.

"ಹಲಗೆ ಇವತ್ತೇ ತೆಗೆಯಬೇಕು" ಎಂದಳು. ಕೈಯಲ್ಲಿ ಕರವಸ್ತ್ರ ಹಿಂಡುತ್ತಿದ್ದಳು. "ನಾವು ಹಾಕಿದ ಹಲಗೆಯಿಂದ ಅವರ ನೆಲ ಹೋಗ್ತಾ ಉಂಟು. ದಿನಾ ಹೋಗ್ತಾ ಉಂಟು. ಓಟು ಇಲ್ಲದವರಿಗೆ ನಾವು ಎಂತದೂ ಮಾಡಬಹುದು ಅಂತ ಆದ್ರೆ, ನಾಳೆ ಮೇಲಿನ ಊರಿನವರು ಹೊಳೆಯನ್ನೇ ತಿರುಗಿಸಿದ್ರೆ ನಾವು ಯಾರತ್ರ ಹೋಗುದು?"

"ಉಪ್ಪು ಮೊದಲು ಬರುದು ನಿಮ್ಮ ಬಾವಿಗೇ ಬಾಯಿ" ಎಂದರು ದೂಮಪ್ಪಣ್ಣ ಮೆತ್ತಗೆ.

"ಗೊತ್ತುಂಟು."

"ನಿಮ್ಮ ಮನೆಯ ವಿಷಯಕ್ಕೆ ಕೈ ಎತ್ತುದಿಲ್ಲ ಅಂತ ನೀವೇ ಹೇಳಿದ್ದಲ್ವಾ?"

"ಲಾಭ ಇದ್ರೆ ಎತ್ತುದಿಲ್ಲ ಅಂತ ಹೇಳಿದ್ದು ಅಧ್ಯಕ್ಷರೇ. ಇದರಲ್ಲಿ ನನಗೆ ಎಂತ ಲಾಭ?"

ಕೈ ಎತ್ತಿಸಿದರು. ಹಲಗೆ ಉಳಿಯಬೇಕೆನ್ನುವವರು ಕೆಲವರು, ತೆಗೆಯಬೇಕೆನ್ನುವವರು ಕೆಲವರು. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಮಮ್ಮಿ ಯಾವತ್ತಿನ ಹಾಗೆ ಕೈ ಕೆಳಗಿಟ್ಟರೆ ಎರಡೂ ಸಮ. ಸಮ ಬಂದರೆ ಅಧ್ಯಕ್ಷರು ಇನ್ನೊಂದು ಓಟು ಹಾಕಿ ತೀರ್ಮಾನ ಮಾಡಬಹುದು. ದೂಮಪ್ಪಣ್ಣ ಹಲಗೆ ಉಳಿಸುತ್ತಾರೆ, ಬಾವಿ ಉಳಿಯುತ್ತದೆ. ಇಷ್ಟು ದಿನ ಕೈ ಎತ್ತು ಎಂದು ಅವಳ ಜೀವ ತಿಂದವಳು ನಾನು. ಈಗ ಎತ್ತಬೇಡ ಎಂದು ಬೆಂಚಿನ ಮೇಲೆ ಕೂತು ಮಾತೆ ಮರಿಯಳಿಗೆ ಮೊರೆಯಿಟ್ಟೆ.

ಮಮ್ಮಿ ಕೈ ಎತ್ತುವುದಿಲ್ಲ ಎಂದು ಒಂದು ಕ್ಷಣ ಅನಿಸಿತು, ಆಮೇಲೆ ನಿಧಾನವಾಗಿ ಎತ್ತಿದಳು.

ಮನೆಗೆ ಹೋಗುವ ದಾರಿಯಲ್ಲಿ ನಾನು ಅವಳಿಗಿಂತ ಮುಂದೆ ಮುಂದೆ ನಡೆದೆ. ಅವಳು ಹೆಸರು ಹಿಡಿದು ಕರೆದಾಗ ತಿರುಗಿ ನಿಂತು, "ನಿನಗೆ ನಾವು ಯಾರೂ ಅಲ್ಲ. ಹೊಳೆಯಾಚೆಯವರು ಮಾತ್ರ ನಿನ್ನವರು" ಎಂದೆ. ಬೇರೆಯೂ ಕೆಲವು ಹೇಳಿದೆ, ಅವನ್ನು ಇಲ್ಲಿ ಬರೆಯುವುದಿಲ್ಲ. ಮಮ್ಮಿ ಸಿಟ್ಟು ಮಾಡಲಿಲ್ಲ, ಅದು ನನ್ನ ಸಿಟ್ಟನ್ನು ಇನ್ನೂ ಏರಿಸಿತು.

"ಅಕ್ಕು ಕೇಳಿದ್ದಕ್ಕೆ ನನ್ನತ್ರ ಉತ್ತರ ಇರ್ಲಿಲ್ಲ ಆಶ್ಲಿ" ಎಂದಳು. "ಎರಡು ರಾತ್ರಿ ಹುಡುಕಿದೆ. ಸಿಕ್ಕಿದ್ದು ಇದೊಂದೇ."

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಹಲಗೆ ತೆಗೆದರು, ಬೋರ್ಗರೆತ ನಿಂತಿತು. ತಾಲೂಕು ಪಂಚಾಯತಿಯಿಂದ ಇನ್ನೂ ದಿನ ಬರಲಿಲ್ಲ, ಅಮಾವಾಸ್ಯೆ ಮಾತ್ರ ಯಾರ ಪತ್ರಕ್ಕೂ ಕಾಯದೆ ಹತ್ತಿರ ಬರುತ್ತಿತ್ತು. ಅಮಾವಾಸ್ಯೆಯ ಭರತ ದೊಡ್ಡದು. ನಾನು ಕ್ಯಾಲೆಂಡರ್ ನೋಡುವುದು, ಬಾವಿಗೆ ಓಡುವುದು, ಹರ್ಷಿಣಿ ಮೇಡಂ ದಾರಿಯಲ್ಲಿ ಸಿಕ್ಕಿದರೆ ಅಡ್ಡ ನಿಂತು ಕೇಳುವುದು. ಒಂದು ಸಂಜೆ ಅವರೇ ಸ್ಕೂಟರ್ ನಿಲ್ಲಿಸಿ, "ದಿನ ಬಂತು ಮಾರಾಯ್ತಿ, ಇನ್ನಾದ್ರೂ ನನ್ನನ್ನು ಬಿಡು" ಎಂದರು.

ಜಂಟಿ ಸಭೆ ಬಡಗಬೈಲಿನ ಪಂಚಾಯತಿಯಲ್ಲಿ ನಡೆಯಿತು. ತಾಲೂಕು ಪಂಚಾಯತಿಯ ಅಧಿಕಾರಿ, ನೀರಾವರಿ ಇಲಾಖೆಯ ಇಂಜಿನಿಯರ್, ಎರಡೂ ಕಡೆಯ ಅಧ್ಯಕ್ಷರು, ಮೆಂಬರುಗಳು. ಅಕ್ಕು ಅಕ್ಕನನ್ನೂ ಕರೆದು ಕುರ್ಚಿ ಕೊಟ್ಟರಂತೆ. ಅವರ ಅಧ್ಯಕ್ಷ ತಿಲಕ್ ಅನ್ನುವವರು ಮೊದಲು ಬಿಗುಮಾನದಲ್ಲೇ ಇದ್ದರಂತೆ. ನಾವೇ ನಮ್ಮ ಹಲಗೆ ತೆಗೆದದ್ದು ತಿಳಿದ ಮೇಲೆ, ಅವರಿಗೆ ಹಠ ಹಿಡಿಯಲು ಏನೂ ಉಳಿಯಲಿಲ್ಲವಂತೆ. ನೀರು ತೀರ ಕೆಳಗಿಳಿಯುವ, ಅಮಾವಾಸ್ಯೆ ಕಳೆದ ಮರುದಿನದ ಇಳಿತಕ್ಕೆ ಎರಡೂ ಕಡೆಯವರು ಒಟ್ಟಿಗೆ ಹಲಗೆ ಇಳಿಸುವುದು, ಅಕ್ಕು ಅಕ್ಕನ ದಡಕ್ಕೆ ಎರಡೂ ಪಂಚಾಯತಿ ಸೇರಿ ಕಲ್ಲು ಕಟ್ಟಿಸುವುದು, ಮುಂದಿನ ವರ್ಷದಿಂದ ಅಕ್ಟೋಬರಿನಲ್ಲೇ ಮರುವಾಯಿಯವರನ್ನೂ ಬಾವಿಯವರನ್ನೂ ಕೂರಿಸಿ ದಿನ ನಿಶ್ಚಯಿಸುವುದು ಎಂದು ನಿರ್ಣಯವಾಯಿತು. ಮಮ್ಮಿ ಬಂದು ಇದನ್ನೆಲ್ಲ ಹೇಳುವಾಗ ನಾನು ಕೇಳಿಸದ ಹಾಗೆ ಪುಸ್ತಕ ಓದುತ್ತಿದ್ದೆ. ಅಮಾವಾಸ್ಯೆ ಕಳೆದ ಮರುದಿನ ಎಂಬುದು ಮಾತ್ರ ಕಿವಿಯಲ್ಲಿ ಉಳಿಯಿತು.

ಹಲಗೆ ಹಾಕುವ ದಿನ ಬೆಳಿಗ್ಗೆ ಎದ್ದು ಬಾವಿಗೆ ಹೋದೆ. ಸೇದಿದೆ, ಬೊಗಸೆಯಲ್ಲಿ ಹಿಡಿದೆ, ಬಾಯಿಗೆ ಹಾಕಿದೆ.

ಉಪ್ಪು.

ಇನ್ನೊಮ್ಮೆ ಕುಡಿದು ನೋಡಿದೆ. ಉಪ್ಪೇ. ಮಮ್ಮಿ ಆಗಲೇ ಹಳೆಯ ನೈಟಿಯ ಮೇಲೆ ಡ್ಯಾಡಿಯ ಅಂಗಿ ಹಾಕಿಕೊಂಡು ಅಣೆಕಟ್ಟಿಗೆ ಹೋಗಿಯಾಗಿತ್ತು. ಊರೆಲ್ಲರ ಎದುರು ಹೇಳಬೇಕೆಂದು ನಾನು ಓಡಿದೆ. ನೀನು ಕೈ ಎತ್ತಿದ್ದರ ಫಲ ಇದು, ಕುಡಿದು ನೋಡು ಎಂದು ಹೇಳಲಿಕ್ಕೆ ಒಂದು ಬಾಟಲಿ ನೀರು ಕೂಡ ತುಂಬಿಸಿಕೊಂಡಿದ್ದೆ. ಮೊದಲು ನಮ್ಮ ಸಾಲಿನ ಉಳಿದ ಮನೆಗಳ ಬಾವಿಕಟ್ಟೆಗಳಿಗೆ ಹತ್ತಿ ಒಂದೊಂದನ್ನೂ ರುಚಿ ನೋಡಿದೆ. ಎಲ್ಲವೂ ಸಿಹಿ. ನಮ್ಮದೊಂದೇ ಹೋಗಿತ್ತು.

ಅಣೆಕಟ್ಟಿನ ಮೇಲೆ ಎರಡೂ ಊರಿನ ಜನ ತುಂಬಿದ್ದರು. ದೂಮಪ್ಪಣ್ಣ ಈ ಸಲ ಫೋಟೋಕ್ಕೆ ನಿಲ್ಲದೆ ನೀರಿಗಿಳಿದು ಹಲಗೆ ಹಿಡಿದಿದ್ದರು. ತಿಲಕ್ ಮಣ್ಣಿನ ಬುಟ್ಟಿ ದಾಟಿಸುತ್ತಿದ್ದರು. ಮಮ್ಮಿ ಅವರ ಬದಿಯ ಕಿಂಡಿಯ ಹತ್ತಿರ ಅಕ್ಕು ಅಕ್ಕನ ಜೊತೆ ಒಂದು ಹಲಗೆಯ ಎರಡು ತುದಿ ಹಿಡಿದು ನಡೆಯುತ್ತಿದ್ದಳು. ಅಕ್ಕು ಅಕ್ಕ ತುಳುವಿನಲ್ಲಿ ಏನೋ ಹೇಳಿದರು, ಮಮ್ಮಿ ತಲೆ ಹಿಂದೆ ಎಸೆದು ನಕ್ಕಳು. ಅವಳು ಹಾಗೆ ನಗದೆ ಎಷ್ಟು ದಿನವಾಗಿತ್ತೋ. ನಾನು ಬಾಟಲಿಯನ್ನು ಹಿಂದೆ ಹಿಡಿದುಕೊಂಡು ನಿಂತೆ. ಹೇಳಲಾಗಲಿಲ್ಲ. ನೀರನ್ನು ಹೊಳೆಗೇ ಚೆಲ್ಲಿ, ಮಣ್ಣಿನ ಬುಟ್ಟಿಯ ಸಾಲಿನಲ್ಲಿ ಸೇರಿಕೊಂಡೆ.

ಸಂಜೆ ಮನೆಗೆ ಬಂದಾಗ ಇಬ್ಬರಿಗೂ ಮೊಣಕಾಲಿನವರೆಗೆ ಕೆಸರು. ನಾನು ಇನ್ನೂ ಹೇಳಿರಲಿಲ್ಲ. ಒಲೆ ಹೊತ್ತಿಸಿ ಕುಚ್ಚಲಕ್ಕಿ ತೊಳೆಯುತ್ತಾ, ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಮಮ್ಮಿ ಕೈಕಾಲು ತೊಳೆಯಲು ಬಾವಿಗೆ ಹೋದಳು. ಕೊಡಪಾನ ಇಳಿದ ಸದ್ದು, ಏರಿದ ಸದ್ದು, ಅವಳು ಬಾಯಿ ಮುಕ್ಕಳಿಸಿದ ಸದ್ದು ಕೇಳಿಸಿತು. ಕೊಡಪಾನ ಮತ್ತೊಮ್ಮೆ ಇಳಿಯಿತು, ಅವಳು ಮತ್ತೊಮ್ಮೆ ಮುಕ್ಕಳಿಸಿದಳು. ನಾನು ಅಕ್ಕಿಯಲ್ಲಿ ಕೈ ಇಟ್ಟುಕೊಂಡೇ ನಿಂತಿದ್ದೆ.

ಅವಳು ತುಂಬಿದ ಕೊಡಪಾನ ಹೊತ್ತು ಒಳಗೆ ಬಂದಳು. ಒಲೆಯ ಪಕ್ಕ ಇಟ್ಟು, ಸೆರಗಿಲ್ಲದ ಆ ದೊಡ್ಡ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಳು. ಕಣ್ಣು ಕೆಂಪಾಗಿತ್ತು.

"ಬೆಳಿಗ್ಗೆಯೇ ಗೊತ್ತಿತ್ತಾ ನಿನಗೆ?"

"ಹೌದು."

ಮಮ್ಮಿ ನನ್ನನ್ನೇ ನೋಡಿದಳು. ಆಮೇಲೆ ಪಾತ್ರೆಗೆ ನೀರು ಬಗ್ಗಿಸುತ್ತಾ, "ಇವತ್ತು ಗಂಜಿಗೆ ಉಪ್ಪು ಹಾಕ್ಬೇಡ" ಎಂದಳು.

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಗಂಜಿ ಬೆಂದ ಮೇಲೆ ಮೊದಲ ಸೌಟು ಅವಳ ಬಟ್ಟಲಿಗೆ ಬಡಿಸಿದೆ.